ಇಲ್ಲಿಯದು ಅಂತ ಬರೆದ ಚೀಟಿ

ಹರಿಪ್ರಿಯಾ ಮಗಳೇ,

ವಾಟ್ಸಾಪಲ್ಲಿ ನಾನು ಏನು ಕಳಿಸಿದ್ರೂ ನೀನು ಒಂದು ನಗೋ ಮುಖ ಹಾಕಿ ಮುಗಿಸ್ತೀಯ. ಅದಕ್ಕೇ ಕಾಗದ ಹಿಡಿದೆ. ಕಾಗದಾನೂ ಮರದ ಕಡೆಯದ್ದೇ ಅಲ್ವಾ, ನಿನ್ನ ಮುಂದೆ ಸುಳ್ಳು ಹೇಳೋಕೆ ಅದಕ್ಕೂ ಸಂಕೋಚ ಆಗುತ್ತೆ.

ಶನಿವಾರ ಸ್ಟಾಕ್‌ಪೋರ್ಟಲ್ಲಿ ನಮ್ಮ ಕನ್ನಡ ಸಂಘದ ಹೊಸ ಮರದ ಹಾಲ್ ಶುರುವಾದಾಗ ನೀನು ನನ್ನ ಕೈಗೆ ಮೈಕ್ ಕೊಟ್ಟು "ನಾಲ್ಕು ಮಾತಾಡಿ ಅಂಕಲ್" ಅಂದೆ. ನಾನು ನಾಲ್ಕು ಜೋಕ್ ಹೊಡೆದೆ. ಹಾಲು ಉಕ್ಕಿಸೋದು ಗೊತ್ತಿತ್ತು, ಉಕ್ಕೇ ಇಲ್ಲದ ಹಾಲು ಇದೇ ಮೊದಲು ನೋಡಿದ್ದು ಅಂದೆ. ಎಲ್ಲರೂ ನಕ್ಕರು. ಹೇಳಬೇಕಾದ ಒಂದು ಮಾತು ಮಾತ್ರ ಹೇಳದೇ ಮೈಕ್ ವಾಪಸ್ ಕೊಟ್ಟೆ.

ಎರಡು ವರ್ಷದ ಹಿಂದಿನ ಆ ಭಾನುವಾರ ನೆನಪಿದೆಯಲ್ಲ. ಬಾಡಿಗೆ ಸ್ಕೂಲ್ ಹಾಲಲ್ಲಿ ಮೀಟಿಂಗು. ಲಫ್‌ಬರೋದಲ್ಲಿ ಕಟ್ಟಡ ವಿನ್ಯಾಸದ ಓದು ಮುಗಿಸಿ ಬಂದು ನೀನು ಮೊದಲು ಹಾಕಿದ ನಕ್ಷೆ ನಮ್ಮ ಹಾಲಿಂದು. ಗೋಡೆಗೂ ಚಾವಣಿಗೂ ಇಲ್ಲೇ ಎರಡು ಗಂಟೆ ದೂರದ ಕಾಡಲ್ಲಿ ಬೆಳೆದ, ಸ್ಪ್ರೂಸ್ ಅನ್ನೋ ಸೂಜಿ ಎಲೆಯ ಮರ ಸಾಕು ಅಂತ ನಿನ್ನ ಹಟ. ನಮ್ಮ ಅಧ್ಯಕ್ಷ ಜಯಪ್ರಕಾಶ ಒಪ್ಪಲಿಲ್ಲ. "ಇಲ್ಲಿಯದು ಬೇಗ ಬೆಳೆದ ಮರ, ಮೆದು, ಮೈಯೆಲ್ಲ ಗಂಟು. ಸ್ವೀಡನ್ನಿಂದ ತರಿಸೋಣ, ಇಲ್ಲಾಂದ್ರೆ ಕಾಂಕ್ರೀಟೇ ಹಾಕೋಣ" ಅಂದ್ರು. ನೀನು ತಣ್ಣಗೆ, "ಸಿಮೆಂಟು ಹೊಗೆ ಬಿಟ್ಟು ಹುಟ್ಟುತ್ತೆ ಸರ್, ಮರ ಹೊಗೆ ಕುಡಿದು ಬೆಳೆಯುತ್ತೆ. ಹತ್ತಿರದ್ದೇ ಆದ್ರೆ ಹಡಗಿನ ಹೊಗೆನೂ ತಪ್ಪುತ್ತೆ" ಅಂದೆ.

ಆ ಮಾತು ನನ್ನನ್ನ ನಮ್ಮೂರು ಮೂಲ್ಕಿಗೆ ಕರ್ಕೊಂಡು ಹೋಯ್ತು ಮಾರಾಯ್ತಿ. ನನ್ನ ಸೋದರಮಾವ ಮನೆ ಕಟ್ಟಿಸುವಾಗ ಆಚಾರಿಯನ್ನ ಕರ್ಕೊಂಡು ಹಿತ್ತಿಲು ಸುತ್ತಿದ್ರು. ಬಾಗಿಲಿಗೆ ಈ ಹಲಸು, ಮಾಡಿನ ತೊಲೆಗೆ ಆ ಹೆಬ್ಬಲಸು. ಕೂಗಿದ್ರೆ ಕೇಳಿಸುವಷ್ಟು ದೂರದ ಮರದಲ್ಲೇ ಇಡೀ ಮನೆ ಎದ್ದಿತ್ತು. ಸಾಗುವಾನಿ ಅಂದ್ರೆ ದೂರದಿಂದ ಸಾಗಿಸಿಕೊಂಡೇ ಬರಬೇಕಾದ ಮರ ಅಂತ ನಾನು ತುಂಬ ವರ್ಷ ನಂಬಿದ್ದೆ.

ಅವತ್ತೇ ಕೈ ಎತ್ತಿಸಿ ತೀರ್ಮಾನ ಮಾಡೋದಿತ್ತು. ಸೋತಿದ್ರೆ ನಿನ್ನ ನಕ್ಷೆ ಕಸದ ಬುಟ್ಟಿಗೆ. ನೀನು ಮೇಜಿನ ಮೇಲೆ ಎರಡು ಮರದ ತುಂಡು ಇಟ್ಟು, ದಾರದಲ್ಲಿ ಚೀಟಿ ಕಟ್ಟಿದ್ದೆ. ಒಂದರಲ್ಲಿ 'ಇಲ್ಲಿಯದು', ಇನ್ನೊಂದರಲ್ಲಿ 'ಹೊರಗಿನದು'. ಆಮೇಲೆ ಪ್ರೊಜೆಕ್ಟರ್ ತರೋಕೆ ಕಾರ್ ಹತ್ರ ಹೋದೆ. ನನ್ನ ಕೈ ಸುಮ್ಮನಿರುತ್ತಾ? ಚೀಟಿ ಬಿಚ್ಚಿ ಆಚೀಚೆ ಕಟ್ಟಿಬಿಟ್ಟೆ.

ಜಯಪ್ರಕಾಶ 'ಹೊರಗಿನದು' ತಟ್ಟಿ, "ಕೇಳಿ ಇದರ ನಾದ. ಇದು ಮರ" ಅಂದ್ರು. ಸೆಕ್ರೆಟರಿ ಅಹಲ್ಯಾ ಅದರ ಮೈ ಸವರಿ, "ನೋಡಿದ್ರೇ ಗೊತ್ತಾಗಲ್ವಾ, ಫಾರಿನ್ನು" ಅಂದಳು. ಫಾರಿನ್ನಲ್ಲೇ ಕೂತು ಹೇಳಿದ ಮಾತದು. ನನಗೆ ಹೊಟ್ಟೆಯೊಳಗೆ ನಗು. ಹೊಗಳಿ ಸುಸ್ತಾಗಲಿ, ಆಮೇಲೆ ಎದ್ದು ಗುಟ್ಟು ಬಿಡೋಣ ಅಂತಿದ್ದೆ.

ಅಷ್ಟರಲ್ಲಿ ನೀನು ಬಂದೆ. ತುಂಡನ್ನ ತಿರುಗಿಸಿ, ಅಡಿಯಲ್ಲಿ ಮರದ ಮೂಲ ಬರೆದು ಮೆಷಿನ್ ಒತ್ತಿದ್ದ ಪರೀಕ್ಷೆಯ ಮುದ್ರೆ ನೋಡ್ದೆ. "ಸರ್, ಚೀಟಿ ಬದಲಾಗಿದೆ. ನೀವು ಮೆಚ್ಚಿದ್ದು ಇಲ್ಲಿಯ ಮರ" ಅಂದೆ. ಒಬ್ಬರೂ ನಗಲಿಲ್ಲ. ಜಯಪ್ರಕಾಶರ ಮುಖ ಕೆಂಪಾಯ್ತು. "ಹಿರಿಯರನ್ನ ಕೂರಿಸಿ ಪರೀಕ್ಷೆ ಮಾಡ್ತೀಯೇನಮ್ಮ? ಚೀಟಿಯಲ್ಲೇ ಮೋಸ ಮಾಡಿದವಳ ಲೆಕ್ಕ ನಂಬಿ ಮಕ್ಕಳ ತಲೆ ಮೇಲೆ ಚಾವಣಿ ಹಾಕೋದು ಹೇಗೆ?"

ನೀನು ಚೀಟಿಯ ದಾರ ಮುಟ್ಟಿ ನೋಡ್ದೆ. ಮಲ್ಲಿಗೆ ಕಟ್ಟೋ ಗಂಟು. ನನ್ನಮ್ಮ ಕಲಿಸಿದ್ದು. ಸಂಘದ ಬ್ಯಾನರಿಂದ ಹಿಡಿದು ಪಾರ್ಸಲ್ ತನಕ ನಾನು ಹಾಕೋದು ಅದೊಂದೇ ಗಂಟು ಅಂತ ನಿನಗೆ ಗೊತ್ತಿತ್ತು. ನನ್ನ ಕಡೆ ಒಂದೇ ಸಲ ನೋಡ್ದೆ. ದಾರ ಕತ್ತರಿಸಿ, ಎರಡೂ ಚೀಟಿ ಬ್ಯಾಗಿಗೆ ಹಾಕ್ಕೊಂಡು, "ಚೀಟಿ ನನ್ನ ಜವಾಬ್ದಾರಿ ಸರ್. ತಪ್ಪು ನನ್ನದೇ" ಅಂದೆ. ತೀರ್ಮಾನ ಮುಂದಿನ ಭಾನುವಾರಕ್ಕೆ ಹೋಯ್ತು.

ನಾನು ಬಾಯಿ ಬಿಡಲಿಲ್ಲ. ಯಾಕೆ ಅಂತ ನೀನು ಇವತ್ತಿಗೂ ಕೇಳಿಲ್ಲ, ನಾನೇ ಹೇಳ್ತೀನಿ. ನನ್ನ ಹೆಂಡತಿ ಜಲಜಾಕ್ಷಿ ತೀರಿಹೋದ ಮೇಲೆ ನನಗೆ ಉಳಿದಿರೋದು ಸಂಘದ ಭಾನುವಾರ ಒಂದೇ. ನಗಿಸೋ ಮುದುಕ ಅಂತ ನನ್ನನ್ನ ಕರೀತಾರೆ. ನಗು ಬರದ ದಿನ ನನ್ನನ್ನ ಕರೆಯೋರು ಯಾರು ಅಂತ ಹೆದರಿಬಿಟ್ಟೆ.

ಗುರುವಾರ ನೀನು ಎಂದಿನ ಹಾಗೇ ವಾರಕ್ಕೊಂದು ಬಣ್ಣದ ನನ್ನ ಕಸದ ಬಿನ್ ಹೊರಗಿಡೋಕೆ ಬಂದೆ. ಬೈತೀಯ ಅಂತ ಬಾಗಿಲ ಹಿಂದೆ ನಿಂತಿದ್ದೆ. "ಈ ವಾರ ಯಾವ ಬಣ್ಣದ್ದು ಅಂಕಲ್?" ಅಂತ ಮಾತ್ರ ಕೇಳ್ದೆ. ಬೈದಿದ್ರೆ ವಾಪಸ್ ಬೈದು ಹಗುರ ಆಗ್ತಿದ್ದೆ. ನೀನು ಆ ಅವಕಾಶಾನೂ ಕೊಡಲಿಲ್ಲ.

ಭಾನುವಾರ ನಾನೇ ಎಲ್ಲರ ಮುಂದೆ ಎದ್ದು ನಿಂತು, "ಚೀಟಿ ಬದಲಾಯಿಸಿದ್ದು ನಾನು" ಅಂದೆ. ಆಗ ನಕ್ಕರು ನೋಡು, ಬೇಡದ ಹೊತ್ತಲ್ಲಿ. "ದೂಮಪ್ಪಣ್ಣ, ಹುಡುಗಿನ ಉಳಿಸೋಕೆ ಹೊಸ ಜೋಕಾ?" ಅಂದ್ರು ಜಯಪ್ರಕಾಶ. ನಲವತ್ತು ವರ್ಷ ಬೊಗಳೆ ಬಿಟ್ಟವನ ನಿಜಕ್ಕೆ ಮುದ್ರೆ ಒತ್ತೋ ಮೆಷಿನ್ ಎಲ್ಲಿದೆ? ನಿನ್ನ ಹತ್ರ ಆ ಚೀಟಿ ಕೇಳ್ದೆ. ನೀನು ಬ್ಯಾಗಿಂದ ತೆಗೆದು ಕೊಟ್ಟೆ, ಗಂಟು ಹಾಗೇ ಇತ್ತು. ಒಂದು ವಾರ ನಿನ್ನ ಕೈಯಲ್ಲೇ ಸಾಕ್ಷಿ ಇತ್ತು, ನೀನು ತೋರಿಸಿರಲಿಲ್ಲ. ನಾನು ಹೊಸ ದಾರ ಹಿಡಿದು, ಅಂಥದ್ದೇ ಇನ್ನೊಂದು ಗಂಟು ಹಾಕಿ ಪಕ್ಕದಲ್ಲಿಟ್ಟೆ. ಜಯಪ್ರಕಾಶ ಕನ್ನಡಕ ಮೇಲೆತ್ತಿ ಎರಡನ್ನೂ ನೋಡಿದ್ರು. ನಿನ್ನ ಕಡೆ ತಿರುಗಿ, "ಸಾರಿ ಕಣಮ್ಮ. ಈಗ ಹೇಳು, ನಿನ್ನ ಮರ ಅದಕ್ಕಿಂತ ಗಟ್ಟಿನಾ?" ಅಂದ್ರು.

ಹೌದು ಅಂದಿದ್ರೆ ಅವತ್ತು ಎಲ್ಲರೂ ನಂಬ್ತಿದ್ರು. ನೀನು, "ಇಲ್ಲ ಸರ್, ಸ್ವಲ್ಪ ಮೆದುವೇ. ಅದಕ್ಕೇ ತೊಲೆಗಳನ್ನ ಇನ್ನೂ ಹತ್ತಿರ ಹತ್ತಿರ ಇಡ್ತೀನಿ. ಆಗ ಭಾರ ಹಂಚಿಕೊಳ್ತವೆ" ಅಂದೆ. ಮೊದಲು ಕೈ ಎತ್ತಿದ್ದು ಜಯಪ್ರಕಾಶ.

ಶನಿವಾರ ಜೋಕ್ ಮುಗಿಸಿ ನನ್ನ ಕುರ್ಚಿಗೆ ವಾಪಸ್ ಬಂದ್ರೆ, ಬೆನ್ನಿಗೆ ಏನೋ ತಾಗಿತು. ಕುರ್ಚಿಗೆ ಒಂದು ಚೀಟಿ ಕಟ್ಟಿತ್ತು. ಅದೇ ಹಳೇದು, ನಿನ್ನದೇ ಅಕ್ಷರ. 'ಇಲ್ಲಿಯದು.' ಈ ದೇಶಕ್ಕೆ ಬಂದು 192ನೇ ನಂಬರ್ ಬಸ್ಸು ಇಪ್ಪತ್ತೆಂಟು ವರ್ಷ ಓಡಿಸಿದೀನಿ ಮಗಳೇ. ಬಸ್ ಹತ್ತಿದವರು 'ನೀನು ನಿಜವಾಗಿ ಎಲ್ಲಿಯವನು' ಅಂತ ಕೇಳದ ವಾರ ಇರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಊರು ಹೇಳಿ ಆಟ ಆಡಿಸಿದೀನಿ. ಚೀಟಿ ಕಟ್ಟಿ ಉತ್ತರ ಕೊಟ್ಟವಳು ನೀನೊಬ್ಬಳೇ. ತಲೆ ಎತ್ತಿ ತೊಲೆ ಎಣಿಸೋ ನಾಟಕ ಮಾಡ್ದೆ, ಕಣ್ಣು ಯಾರಿಗೂ ಕಾಣಬಾರದು ಅಂತ. ನಿಜಕ್ಕೂ ತುಂಬ ಹತ್ತಿರ ಹತ್ತಿರ ಇಟ್ಟಿದೀಯ.

ನೀನು ಹಾಕಿದ ಮಲ್ಲಿಗೆ ಗಂಟು ಮಾತ್ರ ಸಡಿಲ. ಗುರುವಾರ ಬರುವಾಗ ದಾರ ತಗೊಂಡು ಬಾ, ಸರಿಯಾಗಿ ಕಲಿಸ್ತೀನಿ. ಈ ವಾರ ಹಸಿರು ಬಿನ್.

ನೀನು ಎಲ್ಲೇ ಇರು, ನಿನ್ನ ಭಾರ ಹಂಚಿಕೊಳ್ಳೋರು ಪಕ್ಕದಲ್ಲೇ ಇರಲಿ.

ಚೀಟಿ ಬಿಚ್ಚದೆ ಕೂತಿರೋ,
ನಿನ್ನ ದೂಮಪ್ಪ ಅಂಕಲ್