ಪ್ರತಿ ಭಾನುವಾರ ಮಗ್ಗುಲು ಬದಲಿಸಿದ ಸೀಸೆಗಳು

ಪ್ರೀತಿಯ ಬೀಗಿತ್ತಿಯವರಿಗೆ,

ಈ ಪತ್ರವನ್ನು ದಯವಿಟ್ಟು ಕುಳಿತುಕೊಂಡು ಓದಿ. ಮಂಡಿನೋವಿನವರು ನಿಂತು ಓದಬಾರದೆಂಬುದು ಒಂದು ಕಾರಣ. ಇನ್ನೊಂದು ಕಾರಣ ಮುಂದೆ ತಿಳಿಯುತ್ತದೆ.

ಮೂವತ್ತಮೂರು ವರ್ಷ ಮಕ್ಕಳಿಂದ ತಪ್ಪೊಪ್ಪಿಗೆ ಬರೆಸಿಕೊಂಡವಳು ನಾನು. ಏನು ತಪ್ಪು, ಯಾವಾಗ, ಏಕೆ ಎಂಬುದು ಸ್ಪಷ್ಟವಾಗಿಲ್ಲದ ಕಾಗದವನ್ನು ಮುಲಾಜಿಲ್ಲದೆ ಹಿಂದಕ್ಕೆ ಕೊಡುತ್ತಿದ್ದೆ. ಈಗ ಸ್ವತಃ ಬರೆಯಲು ಕುಳಿತು ಮೂರು ಹಾಳೆ ಹರಿದಿದ್ದೇನೆ. ಮಕ್ಕಳು ಪೆನ್ಸಿಲಿನ ತುದಿಯನ್ನು ಏಕೆ ಕಚ್ಚುತ್ತಿದ್ದರೆಂಬುದು ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಅರ್ಥವಾಯಿತು. ವಿಷಯ ಇಷ್ಟೇ: ನಮ್ಮ ಮೊಮ್ಮಗಳ ಇಪ್ಪತ್ತೊಂದನೆಯ ಹುಟ್ಟುಹಬ್ಬಕ್ಕೆಂದು ನೀವು ನನ್ನ ವಶಕ್ಕೆ ಕೊಟ್ಟಿದ್ದ ವೈನನ್ನು ನಾನು ಕೆಡಿಸಿದ್ದೇನೆ. ಎಷ್ಟರಮಟ್ಟಿಗೆ ಎಂಬುದನ್ನು ನೀವೇ ಬಂದು ನಿರ್ಧರಿಸಬೇಕು.

ನಿಮ್ಮನ್ನು ಮೊದಲು ಕಂಡ ದಿನ ನೆನಪಿದೆಯೇ? ನನ್ನ ಮಗಳು ನಿಮ್ಮ ಮಗನನ್ನೇ ಮದುವೆಯಾಗುತ್ತೇನೆಂದು ಹಟ ಹಿಡಿದಿದ್ದಳು. ಮನೆತನ ಎಂಥದೋ ನೋಡೋಣವೆಂದು ಗರಿಗರಿಯಾಗಿ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಬಂದಿದ್ದೆ. ನೀವು ಕಲ್ಲಿನ ತೊಟ್ಟಿಯೊಳಗೆ, ಮಂಡಿಯುದ್ದ ದ್ರಾಕ್ಷಿಯಲ್ಲಿ ನಿಂತು, ಆಳುಗಳ ಹೆಗಲಿಗೆ ಹೆಗಲು ಕೊಟ್ಟು ತುಳಿಯುತ್ತಿದ್ದಿರಿ. "ಬನ್ನಿ ಟೀಚರಮ್ಮ, ಬನ್ನಿ! ಹತ್ತಿರ ಮಾತ್ರ ಬರ್ಬೇಡಿ, ನಿಮ್ಮ ಬಟ್ಟೆ ಉಳಿಯಲ್ಲ" ಎಂದು ಕೂಗಿದಿರಿ. ವರ್ಷಕ್ಕೊಮ್ಮೆ ಶಾಲೆಯ ಅಂಗಳದಲ್ಲಿ ಮದ್ಯಪಾನದ ಕೇಡುಗಳ ಕುರಿತು ಮುಕ್ಕಾಲು ಗಂಟೆ ಭಾಷಣ ಮಾಡುತ್ತಿದ್ದವಳು ನಾನು. ನೇರಳೆ ಬಣ್ಣದ ಕಾಲುಗಳ ಬೀಗಿತ್ತಿಯನ್ನು ಕಂಡು ಮಗಳ ಕಡೆ ತಿರುಗಿದೆ. ಅವಳು ಬಹಳ ಆಸಕ್ತಿಯಿಂದ ಗೋಡೆಯನ್ನು ನೋಡುತ್ತಿದ್ದಳು.

ನಿಮ್ಮನ್ನು ಪರೀಕ್ಷಿಸಲೆಂದೇ ಒಂದು ಪ್ರಶ್ನೆ ಕೇಳಿದೆ: ಬೇರೆ ವೈನುಗಳಿಗಿಲ್ಲದ ಸಿಹಿ ನಿಮ್ಮದಕ್ಕಿದೆಯಂತೆ, ಏಕೆ? ನೀವು ತುಳಿಯುವುದನ್ನು ನಿಲ್ಲಿಸದೆಯೇ ಹೇಳಿದಿರಿ: "ರಸಕ್ಕೆ ಹುದುಗು ಬಂದು ಸಕ್ಕರೆ ತಿನ್ನೋಕೆ ಶುರು ಮಾಡತ್ತಲ್ಲ, ಅದರ ಊಟ ಅರ್ಧ ಆಗೋ ಹೊತ್ತಿಗೆ ದ್ರಾಕ್ಷಿಯಿಂದಲೇ ತೆಗೆದ ಗಟ್ಟಿ ಸ್ಪಿರಿಟ್ ಸುರಿದುಬಿಡ್ತೀವಿ. ಹುದುಗು ಅಲ್ಲೇ ಖಲಾಸ್. ಉಳಿದ ಸಕ್ಕರೆ ನಮಗೆ." ಇಷ್ಟು ಸ್ವಚ್ಛವಾದ ಪಾಠವನ್ನು ನಮ್ಮ ಶಾಲೆಯ ವಿಜ್ಞಾನದ ಮೇಷ್ಟರೂ ಮಾಡಿರಲಿಲ್ಲ. ಒಳಗೊಳಗೇ ಮೆಚ್ಚಿದೆ. ಬಾಯಿ ಬಿಟ್ಟು ಹೇಳಲಿಲ್ಲ. ಹೊಗಳಿದರೆ ಮಕ್ಕಳು ಕೆಡುತ್ತಾರೆಂಬ ನಂಬಿಕೆಯನ್ನು ಬೀಗಿತ್ತಿಯ ಮೇಲೂ ಪ್ರಯೋಗಿಸಿದೆ.

ಮೊಮ್ಮಗಳು ಹುಟ್ಟಿದ ವರ್ಷ ದ್ರಾಕ್ಷಿ ಅಪರೂಪಕ್ಕೆ ಒಳ್ಳೆಯದಾಗಿ ಬಂದಿತ್ತು. ನೀವು ತೊಟ್ಟಿಗೆ ಇಳಿದದ್ದು ಅದೇ ಕೊನೆ. ಮರುವರ್ಷ ಮಂಡಿಗಳು ಒಪ್ಪಲಿಲ್ಲ. ಆ ಒಂದೇ ಫಸಲಿನ ವೈನನ್ನು ಎರಡು ವರ್ಷ ಮರದ ಪೀಪಾಯಿಯಲ್ಲಿಟ್ಟು, ಸೋಸದೆಯೇ ಸೀಸೆಗೆ ತುಂಬಿ, "ಇನ್ನು ಇವಳೂ ಬೆಳೀಲಿ, ಇದೂ ಬೆಳೀಲಿ" ಎಂದಿರಿ. ಆಕೆಗೆ ಹನ್ನೆರಡಾದಾಗ ನಿಮ್ಮ ನೆಲಮಾಳಿಗೆಯ ಚಾವಣಿ ಕುಸಿಯಿತು. ಆ ವರ್ಷದ ಸೀಸೆಗಳಲ್ಲಿ ಉಳಿದವು ಮೂರು. ಅವುಗಳನ್ನು ಹಸುಗೂಸುಗಳಂತೆ ಕಂಬಳಿಯಲ್ಲಿ ಸುತ್ತಿ ನಮ್ಮ ಮನೆಗೆ ತಂದಿರಿ. ನಮ್ಮ ಮೆಟ್ಟಿಲ ಕೆಳಗಿನ ಕೋಣೆ ತಂಪಾಗಿದೆ, ಅಲ್ಲಿಗೆ ಬೆಳಕು ಬೀಳುವುದಿಲ್ಲ ಎಂಬುದಕ್ಕಷ್ಟೇ ಅಲ್ಲ. "ನಿಮ್ಮಷ್ಟು ಶಿಸ್ತು ನಮ್ಮ ಇಡೀ ವಂಶದಲ್ಲಿ ಯಾರಿಗೂ ಇಲ್ಲ" ಎಂಬುದಕ್ಕೂ. ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದಿರಿ: "ಮಲಗಿಸಿಡಿ, ಅಷ್ಟೇ. ಟೀಚರಮ್ಮನಿಗೆ ಹೆಚ್ಚು ಹೇಳೋದೇನಿದೆ!"

ಹೇಳಬೇಕಿತ್ತು, ಬೀಗಿತ್ತಿಯವರೇ. ನಾನೂ ಕೇಳಬೇಕಿತ್ತು. ಅರ್ಥವಾಗದೆ ತಲೆಯಾಡಿಸುವ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವಳು ನಾನು. ಅಂದು ಗಂಭೀರವಾಗಿ ತಲೆಯಾಡಿಸಿದೆ.

ನೀವು ಅತ್ತ ಹೋದಿರಿ, ಇತ್ತ ನಾನು ಸೀಸೆಗಳನ್ನು ಬೆಳಕಿಗೆ ಹಿಡಿದೆ. ಪ್ರತಿಯೊಂದರ ಮೈಮೇಲೂ ಸುಣ್ಣದ ಗೀಟಿನಂತಹ ಬಿಳಿ ಕಲೆ. ಗೋಡೆಗೆ ಬಳಿಯುವವನ ಅಜಾಗರೂಕತೆ ಎಂದುಕೊಂಡು ತೆಂಗಿನ ನಾರು ಹಾಕಿ ತಿಕ್ಕಿ ತೊಳೆದೆ. ಕನ್ನಡಿಯಂತೆ ಹೊಳೆದವು. ನಂತರ ಮಲಗಿಸಿದೆ. ಮಲಗಿಸಿದ ಮೇಲೆ ನನ್ನನ್ನೊಂದು ಯೋಚನೆ ಕಾಡಿತು. ನನ್ನ ತಾಯಿ ಕಡೆಯ ಎರಡು ವರ್ಷ ಹಾಸಿಗೆ ಹಿಡಿದಿದ್ದರು. ಒಂದೇ ಮಗ್ಗುಲಲ್ಲಿ ಮಲಗಿದವರಿಗೆ ಬೆನ್ನು ಹುಣ್ಣಾಗುತ್ತದೆಂದು ನರ್ಸು ದಿನವೂ ಎಚ್ಚರಿಸುತ್ತಿದ್ದಳು. ಮುಂದಿನದನ್ನು ನೀವು ಊಹಿಸಿರಬಹುದು. ಪ್ರತಿ ಭಾನುವಾರ ಬೆಳಗ್ಗೆ ಹತ್ತಕ್ಕೆ ಮೂರೂ ಸೀಸೆಗಳನ್ನು ಕಾಲು ಸುತ್ತು ತಿರುಗಿಸಿದೆ. ಒಂದು ವಾರವಲ್ಲ, ಎರಡು ವಾರವಲ್ಲ, ಒಂಬತ್ತು ವರ್ಷ! ಬಿಳಿ ಕಲೆ ತೊಳೆದ ದಿನದಿಂದ ಹಿಡಿದು ಎಲ್ಲಕ್ಕೂ ಒಂದು ಹಾಜರಿ ಪುಸ್ತಕವನ್ನೂ ಇಟ್ಟಿದ್ದೆ. ನನಗೆ ಜ್ವರ ಬಂದ ಎರಡು ಭಾನುವಾರ ನಮ್ಮ ಯಜಮಾನರು ತಿರುಗಿಸಿ, ನನ್ನ ಪರವಾಗಿ ಸಹಿ ಹಾಕಿದ್ದಾರೆ.

ಕಳೆದ ಸೋಮವಾರ ಮೊಮ್ಮಗಳು ಬಂದಿದ್ದಳು. ನಿಮ್ಮ ಕೈಕೆಳಗೆ ಕೆಲಸ ಕಲಿಯುತ್ತಿರುವ ಹುಡುಗಿಗೆ ನನ್ನ ದಕ್ಷತೆಯನ್ನು ತೋರಿಸಬೇಡವೇ? ಪುಸ್ತಕ ತೆರೆದು ಕೈಗಿತ್ತೆ. ಮೊದಲ ಪುಟ ಓದಿ ಮೆಟ್ಟಿಲ ಮೇಲೆ ಕುಸಿದು ಕೂತಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ನಗು ನಿಂತಿತು. "ಅಜ್ಜಿ, ಆ ಬಿಳಿ ಗುರುತು ಯಾವ ಮಗ್ಗುಲು ಮೇಲಿರಬೇಕು ಅನ್ನೋಕೆ ಕಣೇ! ವರ್ಷಗಟ್ಟಲೆ ಅಲುಗಾಡದೆ ಮಲಗಿದ್ರೆ ಗಷ್ಟು ಕೆಳಗಡೆ ಪದರ ಕಟ್ಟಿ ಕೂರತ್ತೆ. ನೀನು ವಾರವಾರ ಎಬ್ಬಿಸಿದೀಯ!" ಎಂದಳು. ಪುಸ್ತಕ ಮುಚ್ಚಿ, "ದ್ರಾಕ್ಷಿತೋಟದ ಅಜ್ಜಿ ಕಾಲಲ್ಲಿ ತುಳಿದ ವೈನು ಇನ್ನೆಲ್ಲೂ ಉಳಿದಿಲ್ಲ. ಅವರಿಗೆ ಹೇಳ್ಬೇಡ ಅಜ್ಜಿ. ಸುಣ್ಣ ತಂದು ಗೀಟು ಎಳೆದುಬಿಡೋಣ" ಎಂದಳು.

ತಂದೆಯ ಸಹಿಯನ್ನು ತಾವೇ ಹಾಕಿಕೊಂಡು ಬಂದ ಎಷ್ಟೋ ಮಕ್ಕಳನ್ನು ಹಿಡಿದಿದ್ದೇನೆ ನಾನು. ಆದರೂ ಆಕೆ ಹೋದ ಮೇಲೆ ಕುಂಚ ಹಿಡಿದೆ, ಎಳೆದೆ. ಸ್ಕೇಲು ಇಟ್ಟು ಎಳೆದದ್ದರಿಂದ ಗೀಟು ಎಷ್ಟು ನೇರವಾಗಿ ಬಂತೆಂದರೆ, ದೂರದಿಂದಲೇ "ಇದು ಟೀಚರಮ್ಮನ ಕೆಲಸ" ಎಂದು ನೀವು ಹೇಳಿಬಿಡುತ್ತಿದ್ದಿರಿ. ನಾಚಿಕೆಯಾಗಿ ಅಳಿಸಿದೆ.

ನಿಮಗೆ ತಿಳಿಸುವ ಮೊದಲು ಹಾನಿಯ ಪ್ರಮಾಣವನ್ನಾದರೂ ಅರಿಯೋಣವೆಂದು ಒಂದು ಸೀಸೆಯನ್ನು ನಿಲ್ಲಿಸಿಟ್ಟು, ಬುಧವಾರ ಮಧ್ಯಾಹ್ನ ತೆರೆದೆವು. ಯಜಮಾನರು ಗಡಿಯಾರ ರಿಪೇರಿ ಮಾಡಿದವರು, ಕೈ ನಡುಗುವುದಿಲ್ಲ. ಬಗ್ಗಿಸುವ ಕೆಲಸ ಅವರದು, ತೆಳು ಬಟ್ಟೆ ಹಿಡಿಯುವ ಕೆಲಸ ನನ್ನದು. "ಅಲುಗಾಡಿಸಬೇಡಿ" ಎಂದೆ. "ಈ ಮಾತು ನೀನು ಹೇಳ್ತಿದೀಯಾ?" ಎಂದರು. ಬಿರಡೆ ಪುಡಿಪುಡಿಯಾಗಿ ಬಂತು. ವೈನು ಮಳೆಗಾಲದ ಕೆರೆಯಂತೆ ಕದಡಿತ್ತು. ಪರೀಕ್ಷೆಗೆಂದು ನಾಲಿಗೆಗೆ ಮುಟ್ಟಿಸಿದೆ.

ಬೀಗಿತ್ತಿಯವರೇ, ಮರಳಿನಂತೆ ಒಂದಿಷ್ಟು ಗಷ್ಟು ಹಲ್ಲಿಗೆ ಸಿಕ್ಕಿತು. ಅದು ನನ್ನ ಕೊಡುಗೆ. ಉಳಿದದ್ದೆಲ್ಲ ನಿಮ್ಮದು. ಸಿಹಿ ಎಂದುಕೊಳ್ಳುವಷ್ಟರಲ್ಲಿ ಅದು ಬರೀ ಸಿಹಿಯಾಗಿ ಉಳಿಯಲಿಲ್ಲ. ಬಹುಕಾಲ ಮುಚ್ಚಿಟ್ಟ ಮರದ ಪೆಟ್ಟಿಗೆಯನ್ನು ತೆರೆದಂತಹ ಪರಿಮಳ, ಕಡೆಗೆ ಯಾರೋ ಬೆನ್ನ ಮೇಲೆ ಕೈಯಿಟ್ಟಂತಹ ಬಿಸುಪು. ತೀರ್ಮಾನ ಖಚಿತವಾಗಿರಲೆಂದು ಇನ್ನೊಂದು ಲೋಟ ಪರೀಕ್ಷಿಸಿದೆವು. ಮೂರನೆಯದರ ನಂತರ ನಾನು ಎದ್ದು ನಿಂತು, ಮದ್ಯಪಾನದ ಕೇಡುಗಳ ಭಾಷಣವನ್ನು ಒಂದಕ್ಷರ ಬಿಡದೆ ಒಪ್ಪಿಸಿದೆನಂತೆ. ಯಜಮಾನರು ಎರಡು ಕಡೆ ಚಪ್ಪಾಳೆ ತಟ್ಟಿದರಂತೆ. ಆ ಸೀಸೆ ಈಗ ಖಾಲಿ. ಇದು ನನ್ನ ಎರಡನೆಯ ತಪ್ಪು.

ಮೂರನೆಯದು ಇವೆರಡಕ್ಕಿಂತ ಹಳೆಯದು. ಈ ಇಪ್ಪತ್ತೆರಡು ವರ್ಷಗಳಲ್ಲಿ ನಿಮ್ಮ ಮನೆಗೆ ಬಂದಾಗಲೆಲ್ಲ ನೀವು ನನ್ನ ಮುಂದೊಂದು ಪುಟ್ಟ ಲೋಟ ಇಟ್ಟಿರಿ, ನಾನು ಅದರ ಮೇಲೆ ಅಂಗೈ ಮುಚ್ಚಿದೆ. ನೀವು ಒಮ್ಮೆಯೂ ಬೇಸರಿಸಲಿಲ್ಲ. ಅದನ್ನು ನನ್ನ ಶಿಸ್ತು ಎಂದು ನಾನು ಹೆಮ್ಮೆಪಟ್ಟೆ. ನೀವು ತಂದಿಟ್ಟದ್ದು ನಿಮ್ಮ ಬದುಕಿನ ಕೆಲಸವೆಂದು ನನಗೆ ತಿಳಿದದ್ದು ಬುಧವಾರ ಮಧ್ಯಾಹ್ನ. ಕುಡಿಯುವುದು ಬಿಡುವುದು ಬೇರೆ ಮಾತು. ಅದನ್ನು ಮಾಡುವುದು ಹೇಗೆಂದು ಎರಡನೆಯ ಪ್ರಶ್ನೆಯನ್ನೂ ನಾನು ಕೇಳಲಿಲ್ಲ.

ಉಳಿದ ಎರಡನ್ನು ಗೋಡೆಗೆ ಒರಗಿಸದೆ ನೇರವಾಗಿ ನಿಲ್ಲಿಸಿದ್ದೇನೆ. ಹುಟ್ಟುಹಬ್ಬಕ್ಕೆ ಇನ್ನೊಂದು ತಿಂಗಳಿದೆ. ಅಷ್ಟು ದಿನ ಯಾರೂ ಮುಟ್ಟದಿದ್ದರೆ ಗಷ್ಟು ತಳ ಸೇರಬಹುದೆಂದು ಮೊಮ್ಮಗಳು ಹೇಳುತ್ತಾಳೆ. ಯಾರೂ ಎಂದರೆ ಯಾರೆಂಬುದು ಈ ಮನೆಯಲ್ಲಿ ಎಲ್ಲರಿಗೂ ಗೊತ್ತು. ಇಂದು ಭಾನುವಾರ. ಹತ್ತು ಗಂಟೆಗೆ ನನ್ನ ಕಾಲುಗಳು ನನ್ನನ್ನು ಕೇಳದೆಯೇ ಮೆಟ್ಟಿಲ ಕಡೆ ಹೊರಟವು. ಆದ್ದರಿಂದ ಆ ಕೋಣೆಗೆ ಬೀಗ ಹಾಕಿ, ಕೀಲಿಯನ್ನು ಈ ಪತ್ರದೊಳಗೆ ಇಟ್ಟಿದ್ದೇನೆ. ಇನ್ನೊಂದು ಕೀಲಿ ಇಲ್ಲ. ನೀವು ಬಂದು ತೆರೆಯುವವರೆಗೆ ಆ ಕೋಣೆಯಲ್ಲಿ ಧೂಳು ಬೀಳುತ್ತದೆ, ಜೇಡ ಬಲೆ ಕಟ್ಟುತ್ತದೆ. ನಾನು ಹೊರಗೇ ಕುಳಿತಿರುತ್ತೇನೆ.

ಬನ್ನಿ, ನಿಮ್ಮ ಕೈಯಾರೆ ತೆರೆಯಿರಿ. ಮೊಮ್ಮಗಳ ಎದುರಿಗೇ ನನ್ನನ್ನು ಬೈಯಿರಿ, ನಿಂತು ಕೇಳುತ್ತೇನೆ. ಆದರೆ ಮೊದಲು ನನಗೂ ಒಂದು ಲೋಟ ಬಗ್ಗಿಸಿ.

ನಿಮ್ಮ ಮಂಡಿಗಳಿಗೆ ಶಾಂತಿ, ತೋಟಕ್ಕೆ ಬಿಸಿಲು, ತೊಟ್ಟಿಗಿಳಿಯುವ ನಮ್ಮ ಹುಡುಗಿಗೆ ನಿಮ್ಮ ಕಾಲಿನ ಬಲ ದೊರೆಯಲಿ ಎಂದು ಹಾರೈಸುತ್ತ,

ಶಿಕ್ಷೆಗೆ ಸಿದ್ಧಳಾಗಿರುವ,
ನಿಮ್ಮ ಸೊಸೆಯ ತಾಯಿ