ಪಾದ್ರಿಯ ಎತ್ತರ

ರೋಮ್, ಮಾರ್ಚ್ ೧೮೯೪

ದೊಡ್ಡಮ್ಮಾ, ಗೆದ್ದೆ! ಇಲ್ಲಿನ ಮಹಾ ಇಗರ್ಜಿಯ ಒಳಗನ್ನು ತಾಮ್ರದ ತಗಡಿನಲ್ಲಿ ಕೊರೆದ ನನ್ನ ಚಿತ್ರ ನಿನ್ನೆ ಒಪ್ಪಿಗೆಯಾಯಿತು. ಅದನ್ನು ಮಾಡಿಸಿದ ದೋನ್ ಎಲ್ಪಿದಿಯೊ ಪಾದ್ರಿ ಮೊದಲ ಅಚ್ಚಿನಲ್ಲಿ ಕಂಬದ ಪಕ್ಕದ ತಮ್ಮ ಪುಟ್ಟ ಆಕೃತಿ ನೋಡಿದ್ದೇ ತಡ, ಕಿಡಿಕಿಡಿಯಾದರು. "ಏನೇ ಹುಡುಗಿ, ನನ್ನನ್ನ ಇರುವೆ ಮಾಡಿಬಿಟ್ಟಿದ್ದೀಯಲ್ಲೇ! ಗುರುತು ಸಿಗೋ ಹಾಗೆ ದೊಡ್ಡದಾಗಿ ಬರಿ, ಇಲ್ಲಾಂದ್ರೆ ಈ ಚಿತ್ರಾನೇ ಬೇಡ."

ನಾನು ಕತ್ತರಿ ಕೈಗೆತ್ತಿಕೊಂಡೆ. ಅವರು ಕೈಯಲ್ಲಿ ತೋರಿಸಿದಷ್ಟೇ ಎತ್ತರದ ಪಾದ್ರಿಯನ್ನು ಕಾಗದದಲ್ಲಿ ಕತ್ತರಿಸಿ, ಅಚ್ಚಿನ ಮೇಲೆ ಕಂಬದ ಪಕ್ಕಕ್ಕೆ ಅಂಟಿಸಿದೆ. ಮುಗಿಲು ಮುಟ್ಟುತ್ತಿದ್ದ ಕಮಾನು ಅವರ ಟೋಪಿಗೆ ತಾಗುವಂತಾಯಿತು, ಇಗರ್ಜಿ ಕೋಳಿಗೂಡಾಯಿತು.

"ಅಯ್ಯೋ, ತೆಗಿ ತೆಗಿ!" ಎಂದು ಅವರೇ ಆ ಕಾಗದ ಕಿತ್ತು ಜೇಬಿಗೆ ತುರುಕಿಕೊಂಡರು. "ಇರುವೇನೇ ಇರಲಿ."

ತಗಡು ಕೊರೆಯಲು ಬಳಸುವ ಆಸಿಡ್ಡಿನ ಹೊಗೆಗೆ ಬಂದಿದ್ದ ಕೆಮ್ಮು ಇಳಿದಿದೆ. ನಮ್ಮೂರು ಕಿಯೋಜ್ಜಾದಲ್ಲಿ ಸಿಗುವಂಥ ಮೀನು ಮಾತ್ರ ಇಲ್ಲಿ ಸಿಗುವುದಿಲ್ಲ.

ನಿನಗೂ ಒಂದು ಅಚ್ಚು ಕಳಿಸುತ್ತೇನೆ. ಅದರಲ್ಲಿ ಮುಂಭಾಗದ ಕಂಬದ ಬುಡದಲ್ಲಿ ಪೊರಕೆ ಹಿಡಿದಿರುವವಳು ನೀನೇ, ನಮ್ಮೂರ ಇಗರ್ಜಿ ಗುಡಿಸುವಾಗ ನಿಲ್ಲುವ ಹಾಗೆಯೇ ನಿಂತಿದ್ದೀಯ. ನೋಡುವವರ ಕಣ್ಣಿಗೆ ಹತ್ತಿರ ಇರುವುದರಿಂದ ಪಾದ್ರಿಗಿಂತ ಒಂದು ಕೂದಲೆಳೆ ಎತ್ತರವಾಗಿದ್ದೀಯ. ಅವರಿನ್ನೂ ಗಮನಿಸಿಲ್ಲ.

ನಿನ್ನ ಒರ್ಸೋಲಾ