ಬಾಲು ಮುಟ್ಟುವ ಭಾನುವಾರ

ಮಾರಿಯಮ್ಮ ಗುಡಿ ಲೈನು,
ಮೈಸೂರು ಮೈನ್ಸ್,
೮-೬-೧೯೬೧, ಗುರುವಾರ

ಚಿರಂಜೀವಿ ಆಂಜಿನಪ್ಪನಿಗೆ, ನಿನ್ನ ತಂದೆ ದೊಡ್ಡವೆಂಕಟಪ್ಪ ಎರಡು ಕೈಯನ್ನೂ ನಿನ್ನ ತಲೆಯ ಮೇಲಿಟ್ಟು ಮಾಡುವ ಆಶೀರ್ವಾದ.

ಮೊದಲು ನಿನ್ನ ಎದೆಯ ವಿಚಾರ ತಿಳಿಸು. ಕೆಮ್ಮು ಇಳಿಯಿತೇ? ರಾತ್ರಿ ಬೆವರುವುದು ನಿಂತಿತೇ? ಬೆಂಗಳೂರಿನ ಆ ಆಸ್ಪತ್ರೆಯಲ್ಲಿ ದಿನಾ ಹಾಲು, ಮೊಟ್ಟೆ ಕೊಡುತ್ತಾರೆ ಎಂದು ಬರೆದಿದ್ದೆ. ಮೊಟ್ಟೆಯನ್ನು ಪಕ್ಕದ ಮಂಚದವನಿಗೆ ಕೊಟ್ಟು ಬೀಡಿ ಇಸಕೊಳ್ಳುತ್ತಿಲ್ಲ ತಾನೇ? ನಿನ್ನ ಬುದ್ಧಿ ನನಗೆ ಗೊತ್ತು, ಅದಕ್ಕೇ ಕೇಳಿದೆ. ಕೈ ಮೇಲಕ್ಕೆತ್ತಿ ಏನೂ ಮಾಡಬಾರದೆಂದು ಡಾಕ್ಟರು ಹೇಳಿದ್ದಾರಂತೆ. ಮ್ಯಾಚು ನಡೆಯುವಾಗ ಒಂದು ಗಳಿಗೆಯೂ ಕೈ ಕೆಳಗಿಟ್ಟವನಲ್ಲ ನೀನು, ಹೇಗೆ ಮಲಗಿದ್ದೀಯೋ. ಮಂಚ ಕಿಟಕಿಯ ಪಕ್ಕಕ್ಕೆ ಬಂತು, ಗೇಟೂ ಅದರಾಚೆಯ ಹೊಂಗೆ ಮರವೂ ಕಾಣುತ್ತವೆ ಎಂದು ನೀನು ಬರೆದದ್ದನ್ನು ಕೇಳಿ ಆದಿಲಕ್ಷ್ಮಿಗೆ ಸಮಾಧಾನವಾಯಿತು. ಮೂರು ಸಲ ಓದಿಸಿಕೊಂಡಳು. ಬೂದಿಕೋಟೆಯಲ್ಲಿ ಹೊಲದ ಕೆಲಸವನ್ನು ನಿನ್ನ ತಮ್ಮ ನೋಡಿಕೊಳ್ಳುತ್ತಿದ್ದಾನೆ. ನಾಟಿಗೆಂದು ರಾಗಿಗೆ ಒಟ್ಲು ಹಾಕಿದ್ದಾರೆ, ಪೈರು ಬೆರಳುದ್ದ ಬಂದಿದೆ. ಸೊಸೆ, ಮೊಮ್ಮಗ ಇಬ್ಬರೇ ಇರಬಾರದೆಂದು ನಾನು ಇಲ್ಲೇ ಮೈನ್ಸಿನವರು ಕೊಟ್ಟ ಲೈನಿನ ಮನೆಯಲ್ಲಿದ್ದೇನೆ.

ನಿನಗೆ ರೇಗುವಂಥ ಸುದ್ದಿ ಹೇಳಬೇಡಿ ಎಂದು ಡಾಕ್ಟರು ನನಗೂ ಹೇಳಿ ಕಳಿಸಿದ್ದರು. ಆದರೆ ಇದು ಬೇರೆಯವರ ಬಾಯಿಂದ ನಿನ್ನ ಕಿವಿಗೆ ಬಿದ್ದರೆ ಇನ್ನೂ ಕೆಟ್ಟದು. ದಿಂಬಿಗೆ ಒರಗಿಕೋ, ನೀರು ಪಕ್ಕದಲ್ಲಿಟ್ಟುಕೋ, ಆಮೇಲೆ ಓದು. ನಮ್ಮ ಸೀನನನ್ನು ಬೆಂಗಳೂರಿನ ಕಾರ್ಖಾನೆಯ ಫುಟ್‌ಬಾಲ್ ಟೀಮಿನವರು ಕರೆದಿದ್ದಾರೆ.

ಏಪ್ರಿಲ್‌ನಲ್ಲಿ ಅವರ ಟೀಮು ಇಲ್ಲಿಗೆ ಆಡಲು ಬಂದಿತ್ತು. ಚಿನ್ನ ತೆಗೆದು ಸುರಿದ ಸೈನೈಡ್ ದಿಬ್ಬದ ಬಿಳಿ ಧೂಳು ಎದ್ದು ಅರ್ಧ ಮೈದಾನ ಕಾಣುತ್ತಿರಲಿಲ್ಲ. ಆ ಧೂಳಿನೊಳಗಿಂದ ಲೆಫ್ಟ್ ಔಟಿನಲ್ಲಿದ್ದ ನಿನ್ನ ಮಗ ಎಡಗಡೆಯ ಗೆರೆ ಹಿಡಿದು ಬಂದು, ಅವರ ಬ್ಯಾಕನ್ನು ಎರಡು ಸಲ ಕೂರಿಸಿ ಹೋದ. ಕನ್ನಡಕದ ಒಬ್ಬರು ಅದನ್ನು ನೋಡಿಕೊಂಡು ಹೋಗಿದ್ದರು. ಹೋದ ವಾರ ಅವರೇ ಮನೆ ಹುಡುಕಿಕೊಂಡು ಬಂದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕೂತರು. ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಕಲಿಸುತ್ತಾರಂತೆ, ಕಲಿತ ಮೇಲೆ ಕಾಯಂ. ಇರಲು ಜಾಗ, ಆಡಲು ಬೂಟು. ಈ ಶನಿವಾರ ಮಧ್ಯಾಹ್ನ ಹನ್ನೆರಡರೊಳಗೆ ಅವರ ಆಫೀಸಿಗೆ ಹೋಗಿ ರುಜು ಹಾಕಬೇಕು. ತಪ್ಪಿದರೆ ಈ ವರ್ಷಕ್ಕೆ ಇಲ್ಲ, ಮುಂದಿನ ವರ್ಷಕ್ಕೆ ಬೇರೆ ಯಾರೋ.

ಭಾನುವಾರ ಬೆಳಿಗ್ಗೆ ಇಲ್ಲಿ ಬಾಲು ಮುಟ್ಟುವ ಶಾಸ್ತ್ರ. ನಿನಗೆ ನಾನೇನು ಹೇಳಲಿ, ಅದನ್ನು ಕಟ್ಟಿದವನೇ ನೀನು. ಮಾರಿಯಮ್ಮನ ಮುಂದೆ ಹೊಸ ಬಾಲಿಟ್ಟು, ನಿಂಬೆಹಣ್ಣು ಕುಯ್ದು, ಉರಿಯುವ ಕರ್ಪೂರದ ಮೇಲೆ ಒಬ್ಬೊಬ್ಬನೂ ಕೈ ಹಿಡಿದು, ಈ ಸೀಸನ್ನು ಬೇರೆ ಟೀಮಿಗೆ ಕಾಲಾಡಿಸುವುದಿಲ್ಲ ಎಂದು ಬಾಲು ಮುಟ್ಟಬೇಕು. ಹತ್ತು ವರ್ಷದ ಹಿಂದೆ ಕದಿರಪ್ಪ ಸೀಸನ್ನಿನ ನಡುವೆ ಇನ್ನೊಂದು ಲೈನಿನ ಟೀಮಿಗೆ ಹೋದನಲ್ಲ, ಗಣಿಯ ಗುಂಡಿ ಬಿಟ್ಟು ಮೇಲಿನ ಕೆಲಸ ಸಿಗುತ್ತದೆಂದು. ಅವತ್ತು ನೀನು ಗುಡಿಯ ಕಟ್ಟೆ ಹತ್ತಿ, "ಅವನ ಬಿಂದಿಗೇಗೆ ನಮ್ ಲೈನಿನ ನಲ್ಲಿ ನೀರು ಬೀಳಬಾರ್ದು" ಎಂದು ಕೂಗಿದ್ದೆ. ಕದಿರಪ್ಪ ಮನೆ ಖಾಲಿ ಮಾಡಿಕೊಂಡು ಹೋದ. ಅವತ್ತಿನಿಂದ ಹುಟ್ಟಿದ ಶಾಸ್ತ್ರ ಮಾತ್ರ ಉಳಿಯಿತು.

ಈಗ ಊರೆಲ್ಲ ಇದೇ ಮಾತು. ಸೋಮವಾರ ರಾಮಚಂದ್ರಪ್ಪನ ಅಂಗಡಿಗೆ ಗಡ್ಡ ತೆಗೆಸಲು ಹೋಗಿದ್ದೆ. ಒಂದು ಕೆನ್ನೆ ಮುಗಿಸಿ ಶುರು ಮಾಡಿದ. "ನೀವೇ ಏಳಿ ತಾತ, ತಾಯಿ ಆಲು ಕುಡ್ದು ಮಲತಾಯಿಗೆ ಜೈ ಅನ್ನೋದು ನ್ಯಾಯವಾ?" ಬೆಂಚಿನ ಮೇಲಿದ್ದ ಒಬ್ಬ ಪಡ್ಡೆ ಹುಡುಗ, "ಆಲು ಕೊಟ್ಟಿದ್ದು ಅವನ ತಾಯಿ. ನೀನು ಕೊಟ್ಟಿದ್ದು ಸೋಡಾ, ಅದೂ ಗೆದ್ದಾಗ ಮಾತ್ರ" ಎಂದ. "ಬಾಯ್ ಮುಚ್ಲಾ, ಲೈನು ಬಿಟ್ಟೋನು ಎಂಡ್ರನ್ನೂ ಬಿಡ್ತಾನೆ" ಎಂದು ಇನ್ನೊಬ್ಬ. "ಅಂಗಾದ್ರೆ ನೀನು ಮೊದ್ಲು ಆ ಲೈನಿನ ಎಂಡದಂಗಡಿ ಬಿಡು, ಆಮೇಲೆ ಬೇರೇರಿಗೆ ಏಳು" ಎಂದು ಮತ್ತೊಬ್ಬ. ನಗು ಎದ್ದಿತು, ಆದರೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಇಬ್ಬರು ಎದ್ದು ಅಂಗಿಯ ಕೈ ಮಡಚಿದರು. ಅಷ್ಟೂ ಹೊತ್ತು ಕತ್ತಿ ನನ್ನ ಗಂಟಲ ಮೇಲೇ ಇತ್ತು. ನಾನು ಯಾವ ಕಡೆಗೂ ತಲೆಯಾಡಿಸಲಿಲ್ಲ. ಇನ್ನೊಂದು ಕೆನ್ನೆಯನ್ನು ಹಾಗೇ ಬಿಟ್ಟುಕೊಂಡು ಮನೆಗೆ ಬಂದೆ.

ಮಂಗಳವಾರ ಸಂಜೆ ನಮ್ಮ ತಗಡಿನ ಮೇಲೆ ಕಲ್ಲು ಬಿತ್ತು. ಬುಧವಾರ ಬೆಳಿಗ್ಗೆ ನಲ್ಲಿಯ ಹತ್ತಿರ ಆದಿಲಕ್ಷ್ಮಿಯ ಬಿಂದಿಗೆಯನ್ನು ಸಾಲಿನಿಂದ ತೆಗೆದು ಆಚೆ ಇಟ್ಟರು. ಕೇಳಿದ್ದಕ್ಕೆ ಪಾಪಕ್ಕ, "ನಿಮ್ಮೆಜಮಾನ್ರು ಮಾಡಿದ ಕಾನೂನೇ ಅಲ್ವಾ ಆದಿಲಕ್ಷ್ಮಮ್ಮ, ನಮ್ಮನ್ಯಾಕೆ ನೋಡ್ತೀಯ" ಎಂದಳಂತೆ. ನಿನ್ನ ಹೆಂಡತಿ ಖಾಲಿ ಬಿಂದಿಗೆ ಸೊಂಟದಲ್ಲಿಟ್ಟುಕೊಂಡು ಬಂದಳು. ನೀನು ಹೇಳಿದ ಮಾತು ಇಷ್ಟು ವರ್ಷ ಯಾವ ಮೂಲೆಯಲ್ಲಿ ಕೂತಿತ್ತೋ, ಮಗನೇ, ನಿನ್ನ ಮನೆಯ ದಾರಿಯನ್ನು ಚೆನ್ನಾಗಿ ನೆನಪಿಟ್ಟುಕೊಂಡಿತ್ತು.

ಅದೇ ಸಂಜೆ ಬಾಗಿಲಲ್ಲಿ ಯಾರೋ ಕೆಮ್ಮಿದ ಹಾಗಾಯಿತು. ಇನ್ನೊಂದು ಕಲ್ಲೇ ಎಂದುಕೊಂಡು ಕೋಲು ಹಿಡಿದು ಎದ್ದೆ. ನೋಡಿದರೆ ಕದಿರಪ್ಪ. ಹೆಗಲ ಮೇಲೆ ತುಂಬಿದ ಕೊಡ. ಅವನ ಲೈನಿನಿಂದ ದಿಬ್ಬ ಸುತ್ತಿಕೊಂಡು ಹೊತ್ತು ತಂದಿದ್ದ. "ಅತ್ತಿಗೆ, ನೀರು" ಎಂದು ಹೊಸ್ತಿಲಲ್ಲಿ ಇಳಿಸಿದ. ಕೂರು ಎಂದರೂ ಕೂರಲಿಲ್ಲ. ಹೋಗುವಾಗ ಹೇಳಿದ ಮಾತನ್ನು ಹಾಗೇ ಬರೆಯುತ್ತೇನೆ, ಕೋಪ ಮಾಡಿಕೊಳ್ಳಬೇಡ. "ಅಣ್ಣ ಬೈದಿದ್ದು ಇನ್ನೂ ಕಿವೀಲೈತೆ ತಾತ. ಬೇಜಾರಿಲ್ಲ. ಆದ್ರೆ ನೋಡಿ, ಈ ಕೊಡ ಎತ್ಕೊಂಡು ಅಷ್ಟು ದೂರದಿಂದ ಬಂದೆ, ಉಸ್ರು ಕಟ್ಲಿಲ್ಲ. ಅವತ್ತು ಗುಂಡೀಲೇ ಉಳಿದಿದ್ರೆ ನಾನೂ ಅಣ್ಣನ ಪಕ್ಕದ ಮಂಚದಾಗೆ ಇರ್ತಿದ್ದೆ." ಆದಿಲಕ್ಷ್ಮಿ ಒಳಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡಳು.

ಆಮೇಲೆ ನಾನೇ ಮುನಿಸ್ವಾಮಪ್ಪನ ಮನೆಗೆ ಹೊರಟೆ. ಟೀಮಿಗೂ ಅವನೇ ಯಜಮಾನ, ಗುಂಡಿಗೆ ಇಳಿಯುವವರಿಗೆ ದೀಪ ಕೊಡುವ ಲ್ಯಾಂಪ್ ರೂಮಿಗೂ ಅವನೇ ಮೇಸ್ತ್ರಿ. ಆಡುವವನ ಕಾಲು ಕೆಡಬಾರದೆಂದು ಸೀನನನ್ನು ಗುಂಡಿಗೆ ಇಳಿಸದೆ ಅಲ್ಲಿ ಇಟ್ಟುಕೊಂಡವನೂ ಅವನೇ. ಅದನ್ನು ನಾವು ಮರೆಯಬಾರದು. ಹೆಂಗಸರ ಬಿಂದಿಗೆಯ ಮೇಲೆ ಹಗೆ ಬೇಡಪ್ಪ ಎಂದು ಕೇಳಿಕೊಳ್ಳೋಣ ಎಂದು ಹೋದರೆ, ಜಗಲಿಯ ಮೇಲೆ ಯಾರೋ ಗೊತ್ತಿಲ್ಲದ ಹುಡುಗ ಮುದ್ದೆ ಉಣ್ಣುತ್ತಿದ್ದ. ಪಕ್ಕದಲ್ಲಿ ಹೊಸ ಬೂಟು, ಇನ್ನೂ ಮಣ್ಣು ಕಂಡಿರಲಿಲ್ಲ. ಒಳ್ಳೆಯ ಹುಡುಗ, ನನ್ನನ್ನು ನೋಡಿ ಎದ್ದು ನಿಂತ. ಯಾವೂರಪ್ಪ ಎಂದೆ. ಕಾಮಸಮುದ್ರದ ಕಡೆ, ಈಗ ಉರಿಗಾಂ ಲೈನಿನಲ್ಲಿದ್ದೇನೆ, ಇನ್ನು ಮೇಲೆ ಇಲ್ಲೇ ಲೆಫ್ಟ್ ಔಟು ಎಂದ. ಎಂದವನೇ ನನ್ನನ್ನೇ ಕೇಳಿದ: "ತಾತ, ಲ್ಯಾಂಪ್ ರೂಮಲ್ಲಿ ಒಂದು ಜಾಗ ಖಾಲಿ ಆಗ್ತದಂತೆ, ನಿಜವಾ?"

ಮುನಿಸ್ವಾಮಪ್ಪ ಬಾಗಿಲಲ್ಲೇ ನಿಂತಿದ್ದ. ಮುಖ ಬಾಡಿತು. ನನ್ನನ್ನು ಬೇಲಿಯ ಹತ್ತಿರ ಕರೆದುಕೊಂಡು ಹೋಗಿ, "ಓಗೋನು ಓದ್ರೆ ಟೀಮು ಸಾಯ್ಬೇಕಾ, ನೀವೇ ಏಳಿ" ಎಂದ. ಸೀನ ಉಳಿದರೆ ಏನು ಮಾಡುತ್ತೀಯ ಎಂದೆ. "ಇಬ್ರೂ ಆಡ್ಲಿ. ಯಾರ ಕಾಲು ಚುರುಕೋ ಅವರಿಗೆ ಎಡಗಡೆ, ಅವರಿಗೇ ದೀಪದ ಕೆಲಸ." ಇನ್ನೊಬ್ಬನಿಗೆ? ಅವನು ಶಾಫ್ಟಿನ ಕಡೆ ನೋಡಿದ. ನೀನು ಇಪ್ಪತ್ತು ವರ್ಷ ಇಳಿದು ಹತ್ತಿದ ಅದೇ ಶಾಫ್ಟು.

ಅವನನ್ನು ನಾನು ಬೈಯುವುದಿಲ್ಲ. ಟೀಮು ಸಾಕುವವನು ಮುಂದಾಲೋಚನೆ ಮಾಡಲೇಬೇಕು. ಆದರೆ ಲೈನಿನವರು ಕರ್ಪೂರ ಹಚ್ಚಿ ಸೀನನ ಕೈ ಕೇಳುತ್ತಿದ್ದಾರೆ, ಆ ಹುಡುಗನಿಗೆ ಬೂಟು ಮೊದಲೇ ತಂದಿಟ್ಟಿದ್ದಾರೆ. ಅವನಾದರೂ ಅವನ ಲೈನಿನಲ್ಲಿ ಯಾವ ಗುಡಿಯ ಮುಂದೆ ಏನು ಮುಟ್ಟಿ ಬಂದಿದ್ದಾನೋ ಯಾರಿಗೆ ಗೊತ್ತು. ಪಾಪ, ಅವನಿಗೂ ಗುಂಡಿ ಬೇಡ, ಅಷ್ಟೇ.

ನಾನೂ ಟೀಮು ಬಿಟ್ಟು ಬಂದವನೇ ಅಲ್ಲವೇ? ಕಾಮಸಮುದ್ರದಲ್ಲಿ ಹುಟ್ಟಿ, ನಿಮ್ಮಮ್ಮನ ಮನೆಯಲ್ಲೇ ಉಳಿಯುವ ಇಲ್ಲಟದ ಅಳಿಯನಾಗಿ ಬೂದಿಕೋಟೆಗೆ ಬಂದೆ. ಆ ವರ್ಷ ಎರಡೂ ಊರಿಗೆ ಕಬಡ್ಡಿ ಬಿತ್ತು. ಗೆರೆಯ ಆಚೆ ನನ್ನ ಜೊತೆಯ ಹುಡುಗರು ತೊಡೆ ತಟ್ಟಿ, "ಬಾರೋ, ಅತ್ತೆ ಮನೆ ಮುದ್ದೆ" ಎಂದು ಕೂಗುತ್ತಿದ್ದರು. ಕಣ್ಣಲ್ಲಿ ನೀರು ಬಂತು. ಆದರೂ ಬೂದಿಕೋಟೆಯ ಕಡೆಯಿಂದಲೇ ಉಸಿರು ಹಿಡಿದು ಹೋದೆ, ಇಬ್ಬರನ್ನು ಮುಟ್ಟಿ ಬಂದೆ. ನಾನು ಮನೆ ಬಿಡುವಾಗ ನನ್ನ ತಾಯಿ ಅಳಲಿಲ್ಲ. "ಪೈರನ್ನ ಒಟ್ಲಲ್ಲೇ ಬಿಟ್ರೆ ಉಲ್ಲಾಗ್ತದೆ, ಕಿತ್ತು ನೆಟ್ರೇನೇ ತೆನೆ" ಎಂದಿದ್ದಳು. ಅವಳು ಹೇಳಿದ್ದರಿಂದಲೇ ನನ್ನ ಕಾಲು ಎದ್ದಿತು. ಬೇರೆ ಯಾರು ಹೇಳಿದ್ದರೂ ಏಳುತ್ತಿರಲಿಲ್ಲ.

ಸೀನನ ಗತಿಯೂ ಈಗ ಅದೇ. ಆ ಹುಡುಗನ ವಿಚಾರವನ್ನು ಅವನಿಗೆ ಹೇಳಿದೆ. ಸಿಟ್ಟು ಮಾಡಲಿಲ್ಲ. ಹೋಗಬೇಕೆಂದು ಅವನಿಗೆ ಆಸೆಯಿದೆ, ನಿದ್ದೆಯಲ್ಲಿ ಗೋಡೆಗೆ ಒದೆಯುತ್ತಾನೆ. ಕೇಳಿದರೆ ಮಾತ್ರ ಒಂದೇ ಉತ್ತರ: "ಅಪ್ಪ ಏಳ್ದೆ ನಾನು ರುಜೂನೂ ಆಕಲ್ಲ, ಬಾಲೂ ಮುಟ್ಟಲ್ಲ." ಮುದ್ದೆ ಮುರಿದು ಹಾಗೇ ಬಿಟ್ಟು ಏಳುತ್ತಾನೆ. ಗೂಟದಲ್ಲಿ ನಿನ್ನ ಕೆಂಪು ಟವೆಲ್ಲು ನೇತಾಡುತ್ತಿದೆ, ಹೋಗಿ ಬರುವಾಗ ಅದನ್ನೇ ನೋಡುತ್ತಾನೆ. ಚಿಕ್ಕಂದಿನಿಂದ ಅವನು ಆಡಿದ್ದು ಆ ಟವೆಲ್ಲು ನೋಡಿಕೊಂಡೇ ಅಲ್ಲವೇ? ಮೂಲೆಯ ಬಾವುಟದ ಹತ್ತಿರ ನೀನು ನಿಂತು ಅದನ್ನು ತಲೆಯ ಮೇಲೆ ಬೀಸಿದರೆ, ಬಾಲು ಹಿಡಿದು ಮುಂದಕ್ಕೆ ಓಡು. ಹೆಗಲಿಗೆ ಹಾಕಿಕೊಂಡರೆ, ನಿಲ್ಲು, ಹಿಂದಕ್ಕೆ ಕೊಡು. ಅವನು ತಡಮಾಡಿದರೆ ನಿನ್ನ ಗಂಟಲು ಬಂಗಾರಪೇಟೆಗೆ ಕೇಳಿಸುತ್ತಿತ್ತು: "ಯೋಚ್ನೆ ಮಾಡ್ತಾ ನಿಂತ್ರೆ ಬಾಲು ಬೇರೇರ ಕಾಲಿಗೆ ಓಗ್ತದೆ ಕಣ್ಲಾ."

ನನ್ನನ್ನು ಕೇಳಿದರೆ ಹೋಗಲಿ ಎನ್ನುತ್ತೇನೆ. ಆದಿಲಕ್ಷ್ಮಿಯೂ ಅದನ್ನೇ ಎನ್ನುತ್ತಾಳೆ, ನಲ್ಲಿಯ ಹತ್ತಿರ ಏನೇ ಆಗಲಿ ತಾನು ನೋಡಿಕೊಳ್ಳುತ್ತೇನೆ ಎಂದಿದ್ದಾಳೆ. ಆದರೆ ಅವನಿಗೆ ಬೇಕಾದ್ದು ನಮ್ಮ ಮಾತಲ್ಲ. ಈ ಕಾಗದವನ್ನು ಅಂಚೆಗೆ ಹಾಕಿದರೆ ನಾಳೆಯೋ ನಾಡಿದ್ದೋ ನಿನಗೆ ಸೇರುತ್ತದೆ, ನಿನ್ನ ಉತ್ತರ ಬರುವಷ್ಟರಲ್ಲಿ ಶನಿವಾರವೂ ಕಳೆದಿರುತ್ತದೆ, ಭಾನುವಾರವೂ ಕಳೆದಿರುತ್ತದೆ. ಹೇಗೆ ಕಳಿಸುವುದೆಂದೇ ತೋಚುತ್ತಿಲ್ಲ. ಏನಾದರೂ ದಾರಿ ನೋಡುತ್ತೇನೆ.

ಔಷಧಿ ತಪ್ಪಿಸಬೇಡ. ಆದಿಲಕ್ಷ್ಮಿ ನಮಸ್ಕಾರ ಹೇಳಿದ್ದಾಳೆ. ಕದಿರಪ್ಪನೂ ಹೇಳಿದ್ದಾನೆ ಎಂದು ಬರೆಯಲೇ? ಬರೆದೆ. ಮಾರಿಯಮ್ಮ ನಿನ್ನ ಉಸಿರನ್ನು ಕಾಯಲಿ.

ಇಂತಿ ನಿನ್ನ ಅಪ್ಪ,
ದೊಡ್ಡವೆಂಕಟಪ್ಪ

ಅವತ್ತು ಬರೆಯದೆ ಬಿಟ್ಟದ್ದು: ಶನಿವಾರ ಬೆಳಿಗ್ಗೆ, ಬಂಗಾರಪೇಟೆ ಸ್ಟೇಷನ್ನು. ಪೆನ್ಸಿಲ್ಲಿನಲ್ಲಿ ಗೀಚುತ್ತಿದ್ದೇನೆ, ಇಂಜಿನ್ನು ನೀರು ತುಂಬಿಸಿಕೊಳ್ಳುತ್ತಿದೆ. ಕಾಗದವನ್ನು ಅಂಚೆಗೆ ಹಾಕಲಿಲ್ಲ, ಸೀನನ ಕೈಯಲ್ಲೇ ಕಳಿಸುತ್ತಿದ್ದೇನೆ. ವಾರ್ಡಿನೊಳಕ್ಕೆ ಭಾನುವಾರ ಮಾತ್ರ ಬಿಡುತ್ತಾರಲ್ಲ, ಅದಕ್ಕೆ ಗೇಟಿನವನಿಗೆ ಈ ಗಂಟು ಕೊಟ್ಟು ಹೊರಗೇ ನಿಂತಿರು ಎಂದಿದ್ದೇನೆ. ನೀನು ಇದನ್ನು ಓದುವಾಗ ಅವನು ಹೊಂಗೆ ಮರದ ಕೆಳಗೆ ನಿನ್ನ ಕಿಟಕಿಯನ್ನೇ ನೋಡುತ್ತಿರುತ್ತಾನೆ. ಗಂಟು ಕಟ್ಟಿದ್ದು ಯಾವುದರಲ್ಲಿ, ನೋಡು. ನಿನ್ನ ಕೆಂಪು ಟವೆಲ್ಲು. ನೀನು ಅದನ್ನು ಹೆಗಲಿಗೆ ಹಾಕಿಕೊಂಡರೆ ಅವನು ಮಧ್ಯಾಹ್ನದ ರೈಲಿಗೆ ಹಿಂದಕ್ಕೆ ಬಂದು ನಾಳೆ ಬಾಲು ಮುಟ್ಟುತ್ತಾನೆ, ಒಂದು ಮಾತೂ ಆಡುವುದಿಲ್ಲ. ಕಾರ್ಖಾನೆಯ ಆಫೀಸಿಗೆ ಹನ್ನೆರಡಕ್ಕೆ ಬಾಗಿಲು ಹಾಕುತ್ತಾರೆ. ನೀನು ಅವನಿಗೆ ಕೂಗುತ್ತಿದ್ದ ಮಾತನ್ನು ಇವತ್ತು ನಿನಗೆ ನಾನು ಕೂಗುತ್ತಿದ್ದೇನೆ ಎಂದುಕೋ. ಎದ್ದು ಕಿಟಕಿಗೆ ಬಾ. ಕೈ ಎತ್ತಬೇಡ ಎಂದ ಡಾಕ್ಟರ ಮಾತನ್ನು ಇವತ್ತೊಂದು ಸಲ ಮೀರು, ನನ್ನಪ್ಪ. ಮೇಲಕ್ಕೇ ಎತ್ತಿ ಬೀಸು. ಮುಂಗಾರು ಬಿದ್ದಿದೆ, ಹೊಂಗೆಯ ಎಲೆ ದಟ್ಟವಾಗಿರುತ್ತದೆ, ಅವನಿಗೆ ಕಾಣಬೇಕು.